ಹಾರ ಹಾಕದ ಫೋಟೋ

ಒಂಬತ್ತು ವರ್ಷದಿಂದ ನಾನು ನಟಿ. ಅದರಲ್ಲಿ ಏಳು ವರ್ಷ ಸಿಗ್ನಲ್ಲಿನಲ್ಲಿ ಚಪ್ಪಾಳೆ ತಟ್ಟಿದ್ದೇ ಆಯಿತು. ಹೀರೋ ಕಾರಿನಲ್ಲಿ ಬರುತ್ತಾನೆ, ನಾನು ಗಾಜು ತಟ್ಟುತ್ತೇನೆ, ಪಕ್ಕದಲ್ಲಿ ಕೂತ ಅವನ ಗೆಳೆಯ ಹೆದರಿ ಕಿರುಚುತ್ತಾನೆ, ಥಿಯೇಟರಿನಲ್ಲಿ ಜನ ಬಿದ್ದು ಬಿದ್ದು ನಗುತ್ತಾರೆ. ನನ್ನ ಯಾವ ಪಾತ್ರಕ್ಕೂ ಹೆಸರಿರಲಿಲ್ಲ. ಪಟ್ಟಿಯಲ್ಲಿ ‘ಮಂಗಳಮುಖಿ ಒಂದು’, ‘ಮಂಗಳಮುಖಿ ಎರಡು’ ಎಂದು ಬರೆಯುತ್ತಿದ್ದರು. ನಾನು ಯಾವಾಗಲೂ ಎರಡು. ಒಂದಕ್ಕೆ ಡೈಲಾಗ್ ಇರುತ್ತಿತ್ತು. ಕೊನೆಯ ಎರಡು ವರ್ಷ ಆ ಪಾತ್ರವೂ ಸಿಗಲಿಲ್ಲ.

ಒಂದೇ ಒಂದು ಸಲ ಸಾಯುವ ಪಾತ್ರ ಸಿಕ್ಕಿತ್ತು. ಲಾರಿ ಗುದ್ದಿ ರಸ್ತೆಯಲ್ಲಿ ಬಿದ್ದಿದ್ದೆ, ಮೈಯೆಲ್ಲ ಬಣ್ಣದ ರಕ್ತ. ಶಾಟ್ ಮುಗಿದ ಮೇಲೆ ಕ್ಯಾಮೆರಾದವರು ನನ್ನನ್ನು ಎಬ್ಬಿಸಿ, “ನಗಮ್ಮಾ, ಹಲ್ಲು ಕಾಣೋ ಹಾಗೆ ನಗು” ಅಂದರು. ಸತ್ತ ಸೀನ್ ಆದಮೇಲೆ ನಟರನ್ನು ಕ್ಯಾಮೆರಾ ಮುಂದೆ ನಗಿಸದೆ ಕಳಿಸಬಾರದಂತೆ, ಕಳಿಸಿದರೆ ಕೇಡಂತೆ. ಸಿನಿಮಾದವರು ಊಟ ಹಾಕುವುದನ್ನು ಮರೆತರೂ ಇದನ್ನು ಮರೆಯುವುದಿಲ್ಲ. ಇದನ್ನು ಅವ್ವನಿಗೆ ಹೇಳಿದಾಗ ಅವಳಿಗೆ ಬಹಳ ಸಮಾಧಾನವಾಗಿತ್ತು. “ಒಳ್ಳೆ ಜನ ಕಣ್ ಮಗ” ಎಂದಿದ್ದಳು.

ನನ್ನ ಅವ್ವ ಗೋವಿಂದಮ್ಮ ಬಿಳಿಗೆರೆಯಲ್ಲಿದ್ದಾಳೆ. ನಾನು ಇಂದ್ರಾಣಿ. ಮನೆ ಬಿಟ್ಟಾಗ ಹದಿನೆಂಟು ವರ್ಷದ ರಾಜೇಂದ್ರ. ಅವ್ವ ಈ ಎರಡರಲ್ಲಿ ಯಾವ ಹೆಸರಿನಿಂದಲೂ ಕರೆಯುವುದಿಲ್ಲ, ‘ಮಗ’ ಅಂದುಬಿಡುತ್ತಾಳೆ. ನಮ್ಮ ಕಡೆ ಗಂಡಿಗೂ ಹೆಣ್ಣಿಗೂ ಅದೇ ಮಾತು, ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ.

ಈ ವರ್ಷ ಒಂದು ಧಾರಾವಾಹಿಯವರು ಸೋಸಲೆಯಲ್ಲಿ ಹಳೆಯ ದೊಡ್ಡ ಮನೆಯೊಂದನ್ನು ಹಿಡಿದು ಶೂಟಿಂಗ್ ಶುರು ಮಾಡಿದರು. ಅದರಲ್ಲಿ ನನಗೆ ಹೆಸರಿರುವ ಪಾತ್ರ: ವನಿತಾ. ಮಗ ಮನೆ ಬಿಟ್ಟು ಹೋಗಿ ಹೆಣ್ಣಾಗುತ್ತಾನೆ, ತಂದೆ ಅವನು ಸತ್ತನೆಂದು ಹೇಳಿ ಫೋಟೋಗೆ ಹಾರ ಹಾಕಿಸುತ್ತಾನೆ. ಕೆಲವು ದಿನದ ಮೇಲೆ ವನಿತಾ ಬಾಗಿಲಲ್ಲಿ ಬಂದು ನಿಲ್ಲುತ್ತಾಳೆ, ನೆಟ್ಟಗೆ ಒಳಗೆ ನಡೆದು ತನ್ನ ಫೋಟೋದ ಹಾರವನ್ನು ತಾನೇ ಕಿತ್ತು ಹಾಕುತ್ತಾಳೆ. ಅಲ್ಲಿಂದ ಮುಂದೆ ಅವಳದೇ ಕಥೆ. ಓದಿ ಮುಗಿಸಿ ಮತ್ತೆ ಮೊದಲಿಂದ ಓದಿದೆ. ಈ ಪಾತ್ರ ಕೈತಪ್ಪಿದರೆ ಮತ್ತೆ ಯಾರೂ ನನ್ನನ್ನು ಕರೆಯುವುದಿಲ್ಲವೆಂದು ನನಗೆ ಗೊತ್ತಿತ್ತು.

ಮ್ಯಾನೇಜರ್ ಶಿವಸ್ವಾಮಿ ನರಸೀಪುರದವರು. “ಇಂದ್ರಾಣಮ್ಮ, ನಿನ್ ಹುಡುಗನಾಗಿದ್ದಾಗಿನ ಫೋಟೋ ಬೇಕಲ್ಲ” ಅಂದರು. “ಕಂಪ್ಯೂಟ್ರಲ್ಲಿ ಮಾಡಿದ್ದು ಡೈರೆಕ್ಟ್ರು ಒಪ್ತಿಲ್ಲ. ಕಣ್ಣು ನಿನ್ನದೇ ಇರ್ಬೇಕಂತೆ. ಬೆಂಗ್ಳೂರಿಂದ ಇದೇ ಪಾರ್ಟಿಗೆ ಇನ್ನೊಬ್ಳು ಬಂದವ್ಳೆ, ಅವಳ ಫೋಟೋ ರೆಡಿ ಅದೆ. ನಾಳೆ ಬೆಳಿಗ್ಗೆ ಒಳಗೆ ತಂದುಬುಡು.”

ನನ್ನ ಹತ್ತಿರ ಒಂದೂ ಇರಲಿಲ್ಲ. ಆ ಮುಖವನ್ನು ಬಿಟ್ಟು ಓಡಿದವಳು ಫೋಟೋ ಎತ್ತಿಕೊಂಡು ಹೋಗುತ್ತೇನೆಯೇ? ಇದ್ದದ್ದು ಒಂದೇ, ಎಸ್ಸೆಸ್ಸೆಲ್ಸಿ ಪಾಸಾದಾಗ ನಂಜನಗೂಡಿನ ಸ್ಟುಡಿಯೋದಲ್ಲಿ ತೆಗೆಸಿದ್ದು. ಅದು ಬಿಳಿಗೆರೆಯ ಮನೆಯ ಗೋಡೆಯ ಮೇಲಿತ್ತು. ಮೂರು ಬಸ್ ಬದಲಾಯಿಸಿ ಹೋದೆ.

ಗೋಡೆಯ ಮೇಲೆ ಬಾಬಾಸಾಹೇಬರು, ಪಕ್ಕದಲ್ಲಿ ನನ್ನಪ್ಪ ಮಾದು, ಆಮೇಲೆ ನಾನು. ಬಾಬಾಸಾಹೇಬರಿಗೆ ಹಾರ, ಅಪ್ಪನಿಗೆ ಹಾರ, ನನಗೆ ಇಲ್ಲ. ನಾನು ಮನೆ ಬಿಟ್ಟ ವರ್ಷ ಅಪ್ಪ ಹಾರ ತಂದಿದ್ದ. ಹಾಕಿಬಿಟ್ಟರೆ ಊರವರ ಬಾಯಿ ಮುಚ್ಚುತ್ತದೆ ಎಂದು ಚಿಕ್ಕಪ್ಪಂದಿರೂ ಸೇರಿಕೊಂಡಿದ್ದರು. ಅವ್ವ ಗೋಡೆಗೆ ಬೆನ್ನು ಕೊಟ್ಟು ಎರಡು ದಿನ ಅಲ್ಲೇ ಕೂತಳಂತೆ. “ಬದುಕಿರೋ ಮಗೀಗೆ ಊವ ಆಕ್ತೀರಾ? ಮೊದ್ಲು ನಂಗಾಕಿ” ಎಂದಳಂತೆ. ಅಪ್ಪ ಸಾಯುವವರೆಗೂ ಆ ಮಾತು ಮತ್ತೆ ಎತ್ತಲಿಲ್ಲ. ಹನ್ನೆರಡು ವರ್ಷ ಆ ಫೋಟೋಗೆ ಒಂದು ಎಸಳು ಹೂವು ಸೋಕದಂತೆ ಅವಳು ಕಾದಿದ್ದಳು.

ನಾನು ವಿಷಯ ಹೇಳಿದೆ. ಅವ್ವ ಫೋಟೋ ಇಳಿಸಿ ಸೆರಗಿನಲ್ಲಿ ಗಾಜು ಒರೆಸಿದಳು.

“ಊವ ಆಕಕಿಲ್ಲ ತಾನೆ ಮಗ?”

“ಇಲ್ಲ ಕಣವ್ವ. ಸುಮ್ನೆ ಗೋಡೆ ಮೇಲೆ ಇರ್ತದೆ ಅಷ್ಟೆ.”

ಸುಳ್ಳು ಹೇಳಿದೆ. ನಾಲಿಗೆ ತಡವರಿಸಲೂ ಇಲ್ಲ. ನಟನೆಯಲ್ಲಿ ಒಂಬತ್ತು ವರ್ಷ ಕಲಿತದ್ದೆಲ್ಲ ಆ ಒಂದು ಮಾತಿಗೆ ಬಂತು. ಹೇಗೂ ಹಾರ ಹಾಕುವುದು ಸೋಮವಾರದ ಕಂತಿನಲ್ಲಿ, ನಾನು ಕೀಳುವುದು ಶುಕ್ರವಾರದ ಕಂತಿನಲ್ಲಿ. ಅವ್ವನ ಕಣ್ಣೆದುರಿಗೇ ಕಿತ್ತು ಹಾಕುತ್ತೇನಲ್ಲ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಅವ್ವ ಅದನ್ನು ಟವೆಲಿನಲ್ಲಿ ಸುತ್ತಿ ಕೊಟ್ಟಳು. ಬಸ್‌ಸ್ಟಾಪಿಗೆ ಬರುವಾಗ ಕಂಡಕಂಡವರಿಗೆಲ್ಲ, “ಟೀವೀಲಿ ಬತ್ತಾಳೆ, ನಮ್ ಮಗಳು” ಎಂದಳು. ಅವಳ ಬಾಯಲ್ಲಿ ‘ಮಗಳು’ ಕೇಳಿದ್ದು ಅದೇ ಮೊದಲು. ಖುಷಿಪಡುವ ಬದಲು ನಾನು ಬಸ್ ಬಂತೇ ಎಂದು ರಸ್ತೆ ನೋಡಿದೆ.

ಸೋಸಲೆಯಲ್ಲಿ ಫೋಟೋಗೆ ಗಂಧದ ಹಾರ ಹಾಕಿ, ಗಾಜಿಗೆ ಕುಂಕುಮವಿಟ್ಟು, ಕೆಂಪು ಬಲ್ಬು ಹೊತ್ತಿಸಿದರು. ಧಾರಾವಾಹಿಯ ತಾಯಿ ಅದರ ಮುಂದೆ ಕುಸಿದು ಅತ್ತಳು. ಶಾಟ್ ಮುಗಿದಾಗ ಅಸಿಸ್ಟೆಂಟನ್ನು ಕೇಳಿದೆ, “ನನ್ನನ್ನ ನಗಿಸಲ್ವಾ?”

“ನೀವೆಲ್ಲಿ ಸತ್ರಿ ಅಕ್ಕ? ಫೋಟೋ ತಾನೆ ಸತ್ತಿದ್ದು” ಎಂದ. ಎಲ್ಲರೂ ನಕ್ಕರು. ನಾನೂ ನಕ್ಕೆ, ಆದರೆ ಅಷ್ಟರಲ್ಲಿ ಕ್ಯಾಮೆರಾ ಆಫ್ ಆಗಿತ್ತು.

ಮರುದಿನ ನನ್ನ ಸೀನ್. ಬಾಗಿಲು ದಾಟಿ ಬಂದೆ, ಫೋಟೋದ ಮುಂದೆ ನಿಂತೆ, ಹಾರ ಕಿತ್ತು ಎಸೆದೆ. ಒಂದೇ ಟೇಕಿಗೆ ಓಕೆ. ಲೈಟ್ ಹಿಡಿಯುವವರೂ ಚಪ್ಪಾಳೆ ತಟ್ಟಿದರು. ನನ್ನ ಜೀವನದಲ್ಲಿ ಬೇರೆಯವರು ನನಗಾಗಿ ತಟ್ಟಿದ ಚಪ್ಪಾಳೆ ಅದೊಂದೇ. ಅವರು ಹೋದ ಮೇಲೆ ಬಾತ್‌ರೂಮಿಗೆ ಹೋಗಿ ಮನಸಾರೆ ಅತ್ತೆ.

ಸೋಮವಾರದ ಕಂತು ಮುಗಿದ ಕೂಡಲೇ ಅವ್ವನ ಫೋನ್ ಬಂತು. ಬೀದಿಯವರನ್ನೆಲ್ಲ ಮನೆಗೆ ಕರೆದು ಕೂರಿಸಿಕೊಂಡಿದ್ದಳು.

“ಊವ ಆಕುಬುಟ್ರಲ್ಲ ಮಗ.”

“ಶುಕ್ರವಾರ ನೋಡವ್ವ. ನಾನೇ ಬಂದು ಕಿತ್ತಾಕ್ತೀನಿ.”

ಅವಳು ಫೋನ್ ಇಟ್ಟಳು. ಬೈದಿದ್ದರೆ ಚೆನ್ನಾಗಿತ್ತು.

ಶುಕ್ರವಾರದ ಕಂತಿನಲ್ಲಿ ನಾನು ಬರಲಿಲ್ಲ. ಶನಿವಾರವೂ ಬರಲಿಲ್ಲ. ಶಿವಸ್ವಾಮಿಗೆ ಹನ್ನೊಂದು ಸಲ ಫೋನ್ ಮಾಡಿದ ಮೇಲೆ ಎತ್ತಿದರು. “ಕಥೆ ಬದ್ಲಾಯ್ತು ಕಣಮ್ಮ. ಮನೆಮಂದಿ ಕೂತು ನೋಡೋ ಟೈಮು, ಬೇಡ ಅಂದವ್ರೆ ಚಾನಲ್‌ನೋರು. ಮಗ ಸತ್ತೇ ಹೋದ ಅಂತ ಮಾಡವ್ರೆ. ತಾಯಿ ಅಳೋದು ಚೆನ್ನಾಗಿ ಓಡ್ತಾದೆ.”

ಸೋಸಲೆಗೆ ಹೋಗಿ ಅವರ ಕಾಲಿಗೆ ಬೀಳುವುದೊಂದು ಬಾಕಿ, ಉಳಿದಂತೆ ಎಲ್ಲ ಬಗೆಯಲ್ಲೂ ಗೋಗರೆದೆ. ಮನೆಕೆಲಸದವಳ ಪಾತ್ರ ಕೊಡಿ ಎಂದೆ. ಸುಮ್ಮನೆ ಬಾಗಿಲಲ್ಲಿ ನಿಂತು ಹೋಗುತ್ತೇನೆ ಎಂದೆ. ಕೊನೆಗೆ, ಏನೂ ಬೇಡ, ನನ್ನ ಫೋಟೋ ಕೊಟ್ಟುಬಿಡಿ ಎಂದೆ.

“ಅದೆಂಗ್ ಕೊಡೋದು? ನಡುಮನೆ ಸೀನಲ್ಲೆಲ್ಲ ಅದು ಕಾಣ್ತದೆ. ಇವತ್ತು ಇದ್ದು ನಾಳೆ ಇಲ್ದೆ ಹೋದ್ರೆ ನೋಡೋರು ಉಗೀತಾರೆ. ಸೀರಿಯಲ್ ಮುಗೀಲಿ, ನಾನೇ ತಂದ್ಕೊಡ್ತೀನಿ.”

ಅಂತೂ ನನಗೆ ದಿನಾ ಕೆಲಸ ಸಿಕ್ಕಿತು. ವಾರಕ್ಕೆ ಆರು ದಿನ, ಸಂಜೆ ಏಳು ಗಂಟೆಗೆ, ನಾನು ಹಾರ ಹಾಕಿಕೊಂಡು ಗೋಡೆಯ ಮೇಲೆ ನಟಿಸುತ್ತೇನೆ. ಊರಿನಲ್ಲಿ ಅವ್ವನನ್ನು ಮಾತಾಡಿಸಲು ಬಂದವರು ದನಿ ತಗ್ಗಿಸುತ್ತಿದ್ದರಂತೆ. ಚಿಕ್ಕಪ್ಪನೊಬ್ಬ, “ನಾವ್ ಆಕ್ತೀವಿ ಅಂದ್ರೆ ಬೇಡ ಅಂದೆ, ಈಗ ರಾಜ್ಯವೆಲ್ಲ ನೋಡ್ತು” ಎಂದು ನಕ್ಕನಂತೆ. ಅವ್ವ ನನಗೆ ಫೋನ್ ಮಾಡುವುದನ್ನೇ ನಿಲ್ಲಿಸಿದಳು. ನಾನು ಮಾಡಿದರೂ ಎತ್ತಲಿಲ್ಲ.

ಹೋಗಲು ಬೇರೆ ಜಾಗವಿಲ್ಲದೆ ದಿನಾ ಸೋಸಲೆಯ ಆ ಗೇಟಿನ ಹತ್ತಿರ ಹೋಗಿ ಕೂರುತ್ತಿದ್ದೆ. ಹಾರದ ಕಂತು ಬಂದ ಇಪ್ಪತ್ತನೆಯ ದಿನವೋ ಏನೋ, ಮಧ್ಯಾಹ್ನದ ಬಿಸಿಲಲ್ಲಿ ಅವ್ವ ನಡೆದುಬಂದಳು. ಒಬ್ಬಳೇ ಮೂರು ಬಸ್ ಹತ್ತಿ ಇಳಿದು ಬಂದಿದ್ದಳು. ಕೈಯಲ್ಲಿ ಫೋಟೋ ಸುತ್ತಲು ಅದೇ ಟವೆಲ್ ಇತ್ತು.

ನಾನು ಎದ್ದು ನಿಂತೆ. “ಕೊಡಕಿಲ್ಲ ಅಂತಾರೆ ಕಣವ್ವ” ಎಂದೆ.

ಗೇಟ್ ಕಾಯುವ ಚಾಮಯ್ಯ ಬಾಯಿಗೆ ಬೆರಳಿಟ್ಟ. “ಸದ್ದು ಮಾಡ್ಬ್ಯಾಡಿ, ಒಳಗೆ ಟೇಕ್ ನಡೀತಾದೆ. ಸೌಂಡು ಒಳಕ್ಕೋಯ್ತದೆ.”

ಒಳಗಿನಿಂದ ಧಾರಾವಾಹಿಯ ತಾಯಿ ‘ಅಯ್ಯೋ ಕಂದಾ’ ಎಂದು ಅಳುವುದು ಕೇಳುತ್ತಿತ್ತು. ಅವ್ವ ಕಿವಿಗೊಟ್ಟು ನಿಂತಳು.

“ಅವ್ಳ್ಯಾಕೆ ಅಳ್ತಾಳೆ ನನ್ ಮಗೀಗೆ?” ಎಂದು ಪಿಸುಗುಟ್ಟಿದಳು.

ನಾನು ತಲೆ ತಗ್ಗಿಸಿದೆ. ಅವ್ವ ನನ್ನ ಗಲ್ಲ ಹಿಡಿದು ಮುಖ ಎತ್ತಿದಳು.

“ಸಾಯೋ ಪಾರ್ಟು ಮಾಡುದ್ಮೇಲೆ ನಗಿಸ್ತಾರೆ ಅಂದಿದ್ದಲ್ಲ. ನಗಿಸಿದ್ರಾ?”

“ಇಲ್ಲ ಕಣವ್ವ.”

“ಇಪ್ಪತ್ ದಿಸ ಆಯ್ತಲ್ಲ ಮಗ” ಎಂದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಭಯವಿತ್ತು. ಸೊಂಟದ ಚೀಲದಿಂದ ಮೊಬೈಲು ತೆಗೆದು ಎರಡು ಕೈಯಲ್ಲೂ ಹಿಡಿದು ನನ್ನ ಮುಖಕ್ಕೆ ತಿರುಗಿಸಿದಳು. ಫೋಟೋ ತೆಗೆಯಲು ಅವಳಿಗೆ ಬರುವುದಿಲ್ಲ. ಕ್ಯಾಮೆರಾ ಆನ್ ಕೂಡ ಆಗಿರಲಿಲ್ಲ. ನನಗದು ಕಾಣುತ್ತಿತ್ತು, ಹೇಳಲಿಲ್ಲ.

“ನಗು.”

ಸದ್ದು ಮಾಡದೆ ನಗಲು ನೋಡಿದೆ. ಕಣ್ಣೀರು ಸುರಿಯಿತು. ಒಳಗೆ ಆ ಹೆಂಗಸು ಅಳುತ್ತಲೇ ಇದ್ದಳು.

“ಇದಲ್ಲ” ಎಂದಳು ಅವ್ವ. ಮೊಬೈಲನ್ನು ನನ್ನ ಮುಖಕ್ಕೆ ಇನ್ನಷ್ಟು ಹತ್ತಿರ ತಂದಳು. “ಅಲ್ಲು ಕಾಣ್ಬೇಕು. ಇನ್ನೊಂದ್ ಸಲ ನಗು, ಮಗಳೇ.”