ಲವೀನಿಯಾ ದೊರೆಸಾನಿಯ ಮಡಿಲಲ್ಲಿದ್ದ ಕೈಗಳು

ಸ್ಕೆಲ್ಡನ್ ಬಂಗಲೆಯ ಊಟದ ಕೋಣೆಯಲ್ಲಿ ಲವೀನಿಯಾ ದೊರೆಸಾನಿಯ ಎಣ್ಣೆಬಣ್ಣದ ಚಿತ್ರ ತೂಗುಹಾಕಿ ಐವತ್ತೆಂಟು ವರ್ಷವಾಗಿತ್ತು. ಮುಖ ದೊರೆಸಾನಿಯದೇ, ಹಸಿರು ರೇಷ್ಮೆಯೂ ಅವರದೇ. ಮಡಿಲಲ್ಲಿ ಒಂದರ ಮೇಲೊಂದು ಇಟ್ಟ ಕೈಗಳು ಮಾತ್ರ ಹೆಸ್ಟರ್ ಪಿಲ್ಲಿಂಗ್‌ಳ ತಾಯಿ ಮಾರ್ಥಾಳವು. ಮುಖ ಮುಗಿಯುವ ಹೊತ್ತಿಗೆ ಕೂತು ಕೂತು ಬೇಸತ್ತಿದ್ದ ದೊರೆಸಾನಿ, ಉಳಿದದ್ದಕ್ಕೆ ಮನೆಯ ಹೊಲಿಗೆಯವಳಾದ ಮಾರ್ಥಾಳಿಗೆ ತಮ್ಮ ಉಡುಪು ತೊಡಿಸಿ ಕೂರಿಸಿದ್ದರು. ದೊಡ್ಡ ಮನೆಗಳಲ್ಲಿ ಅದು ನಡೆಯುವಂಥದ್ದೇ. ಯಾರೂ ಬಾಯಿಬಿಡುತ್ತಿರಲಿಲ್ಲ, ಅಷ್ಟೆ.

ಹೆಸ್ಟರಳಿಗೆ ಏಳು ತುಂಬುವಷ್ಟರಲ್ಲಿ ತಾಯಿ ತೀರಿಕೊಂಡಳು. ಒಂದು ಫೋಟೋ ಕೂಡ ಇರಲಿಲ್ಲ. ಮುಖ ಮರೆತೇಹೋಗಿತ್ತು. ಈಗ ಬಂಗಲೆಯ ಮೇಲ್ವಿಚಾರಕಿಯಾದ ಅವಳು ದಿನಾ ಬೆಳಿಗ್ಗೆ ಧೂಳು ಒರೆಸುವ ನೆವದಲ್ಲಿ ಆ ಕೈಗಳ ಮುಂದೆ ಒಂದು ಗಳಿಗೆ ನಿಂತು ಹೋಗುತ್ತಿದ್ದಳು.

ಯುದ್ಧ ಮುಗಿದ ಮೇಲೆ ಶನಿವಾರ ಶನಿವಾರ ಬಂಗಲೆ ನೋಡಲು ಹೊರಗಿನವರನ್ನು ಬಿಡತೊಡಗಿದರು. ಹೆಸ್ಟರಳೇ ಸುತ್ತಿಸಿ ತೋರಿಸಬೇಕು. ಒಮ್ಮೆ ಲೀಡ್ಸ್‌ನಿಂದ ಬಂದ ದಪ್ಪನೆಯ ಗಂಡಸೊಬ್ಬ ಚಿತ್ರದ ಮುಂದೆ ನಿಂತ.

"ಕೈ ನೋಡಿದ್ರೇ ಗೊತ್ತಾಗುತ್ತೆ ಕಣೇ, ಮನೆತನ ಅಂದ್ರೆ ಇದು! ಒಂದು ಲೋಟ ತೊಳೆದ ಕೈಯಲ್ಲ."

"ನನ್ನ ಕೈ ನೋಡಿದ್ರೆ ನಿಮ್ಮ ಮನೆತನಾನೂ ಗೊತ್ತಾಗುತ್ತೆ ಬಿಡ್ರಿ," ಎಂದಳು ಅವನ ಹೆಂಡತಿ.

ಎಲ್ಲರೂ ನಕ್ಕರು. ಆ ನಗುವಿನ ನಡುವೆ ಹೆಸ್ಟರಳ ಬಾಯಿ ಜಾರಿತು.

"ಅದು ನಮ್ಮಮ್ಮನ ಕೈ ಸ್ವಾಮಿ. ಈ ಮನೆ ಬಟ್ಟೆ ಹೊಲಿದ ಕೈ."

ಸೋಮವಾರದ ಹೊತ್ತಿಗೆ ಮಾತು ಐರೀನ್ ದೊರೆಸಾನಿಯ ಕಿವಿಗೆ ಬಿದ್ದಿತ್ತು. ಲವೀನಿಯಾರ ಒಬ್ಬಳೇ ಮಗಳು ಆಕೆ. ರೇಗಿದ್ದರೆ ಹೆಸ್ಟರ್ ತಡೆದುಕೊಳ್ಳುತ್ತಿದ್ದಳು. ಆಕೆ ರೇಗಲಿಲ್ಲ.

"ನಿಜವೇನ್ರೀ ಪಿಲ್ಲಿಂಗ್?"

"ನಿಜ ಅಮ್ಮಾವ್ರೇ."

"ಅಮ್ಮ ಸಾಯೋವಾಗ ನಾನು ಹತ್ತಿರ ಇರಲಿಲ್ಲ. ಅವತ್ತಿಂದ ದಿನಾ ಮಲಗೋಕೆ ಮುಂಚೆ ಬಂದು ಆ ಕೈ ಮುಟ್ಟಿ ಹೋಗ್ತಿದ್ದೆ." ಚಿತ್ರಕ್ಕೆ ಬೆನ್ನು ತಿರುಗಿಸಿ, "ಇನ್ನು ನೋಡೋಕಾಗಲ್ಲ. ಹಳೆ ಚಿತ್ರ ಸರಿಮಾಡೋ ಓಟ್ವೇಗೆ ಹೇಳಿ ಆ ಕೈ ಮೇಲೆ ಕೈಗವಸು ಬರೆಸಿಬಿಡ್ತೀನಿ," ಎಂದರು.

ಹೆಸ್ಟರ್ ಅಂಗಲಾಚಿದಳು. "ನಾನು ಸುಳ್ಳು ಹೇಳ್ದೆ ಅಂದ್ಕೊಳ್ಳಿ ಅಮ್ಮಾವ್ರೇ. ಮುದುಕಿಗೆ ಅರಳುಮರಳು ಅಂದ್ಕೊಂಡುಬಿಡಿ."

"ಈಗ ಅದು ಆಗಲ್ಲವಲ್ಲ, ಪಿಲ್ಲಿಂಗ್."

ಓಟ್ವೇ ಗುರುವಾರ ಬಂದ. ಚಿತ್ರ ಇಳಿಸಿ ಕಿಟಕಿಯ ಬೆಳಕಿಗೆ ಒರಗಿಸಿದ. ಹೆಸ್ಟರ್ ಅವನಿಗೆ ಚಹಾ ತಂದಿಟ್ಟವಳು ಹೋಗಲೇ ಇಲ್ಲ. ಅವನಿಗೂ ವಿಷಯ ಗೊತ್ತಿತ್ತು.

"ಅಳಬೇಡಿ ತಾಯಿ. ಅವು ಎಲ್ಲಿಗೂ ಹೋಗಲ್ಲ. ನನ್ನ ಬಣ್ಣದ ಅಡಿಯಲ್ಲಿ ಇದ್ದ ಹಾಗೇ ಇರ್ತಾವೆ."

"ಅಮ್ಮನ್ನ ಹೂಳಿದಾಗಲೂ ನಂಗೆ ಹಾಗೇ ಹೇಳಿದ್ರಪ್ಪಾ," ಎಂದಳು ಹೆಸ್ಟರ್.

ಓಟ್ವೇ ಕುಂಚ ಆರಿಸತೊಡಗಿದ. ಅವಳು ಊಟದ ಮೇಜಿನ ಕುರ್ಚಿಯೊಂದನ್ನು ಎಳೆದು ಚಿತ್ರದ ಎದುರು ಕೂತಳು. ನಲವತ್ತು ವರ್ಷದ ಕೆಲಸದಲ್ಲಿ ಆ ಕುರ್ಚಿಗಳಲ್ಲಿ ಅವಳು ಕೂತವಳಲ್ಲ. ಅಷ್ಟರಲ್ಲಿ ಬಾಗಿಲ ಸದ್ದಾಯಿತು. ಐರೀನ್ ದೊರೆಸಾನಿ. ಹೆಸ್ಟರ್ ಗಡಬಡಿಸಿ ಏಳಹೋದಳು.

"ಕೂತ್ಕೊಳ್ಳಿ," ಎಂದರು ಆಕೆ. ತಾವೂ ಒಂದು ಕುರ್ಚಿ ಎಳೆದುಕೊಂಡು ಪಕ್ಕದಲ್ಲೇ ಕೂತರು.

ಓಟ್ವೇ ಇಬ್ಬರನ್ನೂ ಒಮ್ಮೆ ತಿರುಗಿ ನೋಡಿದ. ಬೇಡವೆಂದು ಯಾರೂ ಹೇಳಲಿಲ್ಲ. ಅವನು ಕೈಗವಸಿಗೆ ಬಿಳಿ ಬಣ್ಣ ಕಲಸಿದ.