ಬಟ್ಟೆಯ ತೂಕ

ಅವಳಿಗೆ ಗುಬ್ಬಿ ಎಂದು ಹೆಸರು ಬಿದ್ದದ್ದು, ಕೀಲಿಮಣೆಯ ಮೇಲೆ ಎರಡೇ ಬೆರಳಲ್ಲಿ ಕಾಳು ಹೆಕ್ಕುವ ಹಾಗೆ ಕುಟುಕುತ್ತಿದ್ದುದರಿಂದ. ಆಸ್ಪತ್ರೆಯ ನೆಲಮಾಳಿಗೆಯಲ್ಲಿ, ತಲೆಯ ಮೇಲೆ ಬಿಸಿನೀರಿನ ಕೊಳವೆ ಗುರುಗುಟ್ಟುವ ಕೋಣೆಯಲ್ಲಿ ಕೂತು, ಹೆರಿಗೆ ವಾರ್ಡಿನ ಹನ್ನೆರಡು ವರ್ಷದ ದಪ್ಪ ದಪ್ಪ ಪುಸ್ತಕಗಳನ್ನು ಅವಳು ಕಂಪ್ಯೂಟರಿಗೆ ಇಳಿಸಿದ್ದಳು. ನಾಲ್ಕು ಸಾವಿರದ ಇನ್ನೂರು ಕೂಸುಗಳು, ಸಾಲಿಗೊಂದು. ಹುಟ್ಟಿದ ದಿನ, ತೂಕ, ಮಲಗಿಸಿದ ಕೋಣೆ, ಬದುಕಿತೋ ಇಲ್ಲವೋ. ಅಜ್ಜಿಯ ಮಗ್ಗುಲಲ್ಲಿ ಕಥೆ ಕೇಳುತ್ತ ಬೆಳೆದವಳಿಗೆ ಪ್ರತಿ ಸಾಲೂ ಒಂದಾನೊಂದು ಕಾಲದಲ್ಲಿ ಎಂದೇ ಶುರುವಾಗುತ್ತಿತ್ತು. ಕೆಲವು ಅಲ್ಲಿಗೇ ಮುಗಿದುಹೋಗುತ್ತಿದ್ದವು.

ಆ ಸಾಲುಗಳನ್ನು ಇಟ್ಟುಕೊಂಡು ಮಕ್ಕಳ ಡಾಕ್ಟರಾದ ಮೇಡಂ ಒಂದು ಸಂಶೋಧನೆ ಮಾಡಿದರು. ಸಾವಿರದ ಎಂಟುನೂರು ಗ್ರಾಮಿಗಿಂತ ಕಡಿಮೆ ತೂಗುವ ಕೂಸು ಬೆಚ್ಚನೆ ಕೋಣೆಗೆ ಹೋಗಬೇಕೆಂಬುದು ಹಳೆಯ ನಿಯಮ. ಗುಬ್ಬಿಯ ಸಾಲುಗಳು ಬೇರೆಯೇ ಹೇಳಿದವು. ಸಾವಿರದ ಆರುನೂರೈವತ್ತು ತೂಗಿದ ಕೂಸುಗಳೂ ಹೊರಗೆ, ಸಾಮಾನ್ಯ ವಾರ್ಡಿನಲ್ಲಿ, ತಾಯಿಯ ಪಕ್ಕದಲ್ಲೇ ಗಟ್ಟಿಯಾಗಿ ಉಳಿದಿದ್ದವು. ಅಷ್ಟು ಚಿಕ್ಕವು ನಿಯಮ ಮೀರಿ ಹೊರಗೆ ಹೇಗೆ ಬಂದವು ಎಂದು ಮೇಡಂಗೂ ಒಮ್ಮೆ ಅನ್ನಿಸಿತ್ತು. "ಕೋಣೆ ತುಂಬಿತ್ತೇನೋ, ಜಾಗ ಇಲ್ದೆ ಹೊರಗಿಟ್ಟಿರ್ತಾರೆ" ಎಂದು ತಾವೇ ಉತ್ತರವನ್ನೂ ಹೇಳಿಕೊಂಡಿದ್ದರು.

ಪಟ್ಟಿಯನ್ನು ಯಾರು ಬೇಕಾದರೂ ಇಳಿಸಿಕೊಳ್ಳುವಂತೆ ಇಂಟರ್ನೆಟ್ಟಿನಲ್ಲಿ ಇಟ್ಟರು. ಜೊತೆಗೊಂದು ವಿವರಣೆಯ ಹಾಳೆ ಇರಬೇಕು. ಯಾವ ಅಂಕಿ ಎಲ್ಲಿಂದ, ಹೇಗೆ ಬಂತು ಎಂದು ಅದರಲ್ಲಿ ಬರೆಯಬೇಕು. ತೂಕದ ಎದುರು ಗುಬ್ಬಿ ಬರೆದದ್ದು ಒಂದೇ ಮಾತು: ಗ್ರಾಂಗಳಲ್ಲಿ. ಕೆಳಗೆ, ನಮೂದಿಸಿದವರು ಎಂಬ ಕಡೆ, ಏನೂ ಬರೆಯಲಿಲ್ಲ. ಮೇಡಂ ಸಹಿ ಹಾಕಿದರು. ಬೆಚ್ಚನೆ ತೊಟ್ಟಿಲು ಸಾಲದ ಸಣ್ಣ ಆಸ್ಪತ್ರೆಗಳಿಗೆ ಹೋದ ಜೀವ ಬಂದಂತಾಯಿತು. ವರ್ಷ ತುಂಬುವುದರೊಳಗೆ ಮೂರು ಆಸ್ಪತ್ರೆಗಳು ಗಡಿಯನ್ನು ಸಾವಿರದ ಆರುನೂರೈವತ್ತಕ್ಕೆ ಇಳಿಸಿ ನಿಯಮ ಬದಲಿಸಿದವು.

ಹೀಗಿರುವಾಗ ಒಂದು ಬೆಳಿಗ್ಗೆ, ಮಂಡಿನೋವು ತೋರಿಸಲು ಬಂದ ಹಳೆಯ ಸಿಸ್ಟರಮ್ಮ ನೆಲಮಾಳಿಗೆಗೆ ಇಳಿದು ಬಂದರು. ಹೆರಿಗೆ ವಾರ್ಡಿನಲ್ಲಿ ಮೂವತ್ತು ವರ್ಷ ದುಡಿದು ನಿವೃತ್ತರಾದವರು. ಪುಸ್ತಕಗಳ ಬೆನ್ನು ಸವರಿ, ಗುಬ್ಬಿ ಕೊಟ್ಟ ಟೀ ಹಿಡಿದು ಕೂತರು.

"ನನ್ನ ಕೋಳಿಕಾಲು ಅಕ್ಷರ ಓದಿ ಕಣ್ಣು ಹೋಗ್ಲಿಲ್ವೇನೇ ನಿಂಗೆ?"

"ಅಕ್ಷರ ದೇವರಿಗೇ ಪ್ರೀತಿ. ಅಂಕಿ ಮಾತ್ರ ಮುತ್ತು ಪೋಣಿಸಿದ ಹಾಗಿತ್ತು, ಸಿಸ್ಟರಮ್ಮ. ಬಟ್ಟೆ ತೂಕ ಕಳೆಯೋದೇ ಒಂದು ತಲೆನೋವು."

"ಯಾವ ಬಟ್ಟೆ?"

"ಕೂಸನ್ನ ದಪ್ಪ ಬಟ್ಟೇಲಿ ಸುತ್ತಿ ತೂಗ್ತೀವಿ ಅಂತ ವಾರ್ಡಿನ ಹುಡುಗಿ ಹೇಳಿದ್ಲು. ಆ ಬಟ್ಟೆ ತೂಗಿಸಿ ನೋಡ್ದೆ, ನೂರೈವತ್ತು ಗ್ರಾಂ ಬಂತು. ಎಲ್ಲಾ ಸಾಲಲ್ಲೂ ಅಷ್ಟು ಕಳೆದೆ."

ಸಿಸ್ಟರಮ್ಮನ ಲೋಟ ತುಟಿಯ ಹತ್ತಿರವೇ ನಿಂತಿತು.

"ಅದನ್ನ ತೂಗೋವಾಗ್ಲೇ ಬಾಯಲ್ಲೇ ಕಳೆದು ಬರೀತಿದ್ವಲ್ಲೇ, ಮಗಳೇ. ನನ್ನ ಕೈಕೆಳಗೆ ಬಂದೋರಿಗೆಲ್ಲ ಮೊದಲು ಕಲಿಸ್ತಿದ್ದ ಪಾಠಾನೇ ಅದು. ಯಾರೂ ನನ್ನ ಕೇಳ್ಲಿಲ್ವಲ್ಲ?"

ಕಥೆಯಲ್ಲಿ ರಾಕ್ಷಸ ಬಾಗಿಲು ಮುರಿದು ಬರುವುದಿಲ್ಲ, ಯಾರೋ ಕೇಳದೆ ಬಿಟ್ಟ ಒಂದು ಮಾತಿನ ಸಂದಿಯಿಂದ ನುಸುಳುತ್ತಾನೆ ಎಂದು ಅಜ್ಜಿ ಹೇಳುತ್ತಿದ್ದಳು. ಗುಬ್ಬಿ ಬೆರಳು ಮಡಿಸಿ ಲೆಕ್ಕ ಹಾಕಿದಳು. ಬಟ್ಟೆಯ ತೂಕವನ್ನು ಎರಡು ಸಲ ಕಳೆದಂತಾಗಿತ್ತು. ಸಾವಿರದ ಆರುನೂರೈವತ್ತು ಎಂದು ತಾನು ಬರೆದ ಕೂಸು ನಿಜಕ್ಕೂ ಸಾವಿರದ ಎಂಟುನೂರು ತೂಗಿತ್ತು. ಕೋಣೆ ತುಂಬಿರಲೇ ಇಲ್ಲ. ಇಲ್ಲಿ ಯಾರೂ ನಿಯಮ ಮೀರಿರಲಿಲ್ಲ. ಮೀರುತ್ತಿದ್ದವರು ಈಗ ಬೇರೆ ಊರುಗಳಲ್ಲಿದ್ದರು, ಇವಳ ಅಂಕಿಯನ್ನು ನಂಬಿಕೊಂಡು.

ಲಿಫ್ಟಿಗೂ ಕಾಯದೆ ಮೂರು ಮಹಡಿ ಹತ್ತಿದಳು. ಮೇಡಂ ಪೂರ್ತಿ ಕೇಳಿಸಿಕೊಂಡು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಮೊದಲು ಎಲ್ಲಾ ಪುಸ್ತಕ ಮತ್ತೆ ತಾಳೆ ನೋಡೋಣ. ಆಮೇಲೆ ತಿಳಿಸಿದರಾಯ್ತು."

"ಎರಡು ತಿಂಗಳಾಗುತ್ತೆ ಮೇಡಂ."

"ಆಗಲಿ. ಅರ್ಧಂಬರ್ಧ ಹೇಳೋದೂ ತಪ್ಪೇ."

"ಎರಡು ತಿಂಗಳಲ್ಲಿ ಹುಟ್ಟೋ ಮಕ್ಕಳು ತಾಳೆ ಆಗೋವರೆಗೂ ಕಾಯ್ತಾವಾ?"

ಹೇಳಿದ ಮೇಲೆ ಅವಳಿಗೇ ನಾಲಿಗೆ ಕಚ್ಚಿಕೊಳ್ಳುವಂತಾಯಿತು. ಮೇಡಂ ಎದ್ದು ಕಿಟಕಿಯ ಹತ್ತಿರ ಹೋದರು. ಕೆಳಗೆ ಆಂಬುಲೆನ್ಸೊಂದು ಹಿಂದೆ ಹಿಂದೆ ಸರಿದು ಬಾಗಿಲಿಗೆ ಆತುಕೊಳ್ಳುತ್ತಿತ್ತು. ಅದು ನಿಲ್ಲುವವರೆಗೂ ನೋಡಿದರು.

"ಬರಿ. ಕಳೆದವಳು ನೀನು ಅಂತ ಬರೀಬೇಕಾಗುತ್ತೆ."

"ಬರೀತೀನಿ."

"ಅನುಮಾನ ಬಂದ್ರೂ ಮೇಡಂ ಕೇಳ್ಲಿಲ್ಲ ಅಂತಾನೂ ಬರಿ. ನನ್ನದನ್ನೇ ಮೊದಲು ಹಾಕು."

ಮಧ್ಯಾಹ್ನದ ಹೊತ್ತಿಗೆ ಪಟ್ಟಿ ಇಳಿಸಿಕೊಂಡ ನಲವತ್ತು ಕಡೆಗೂ ಪತ್ರ ಹೋಯಿತು. ಹೆಚ್ಚಿನವರು ಉತ್ತರಿಸಲಿಲ್ಲ. ನಿಯಮ ಬದಲಿಸಿದ್ದ ಮೂವರಲ್ಲಿ ಇಬ್ಬರು, ಹಳೆಯ ನಿಯಮಕ್ಕೆ ಮರಳಿದ್ದೇವೆ, ಲೆಕ್ಕ ನೋಡುತ್ತಿದ್ದೇವೆ ಎಂದರು. ಮೂರನೆಯವರಿಂದ ಒಂಬತ್ತನೆಯ ದಿನ ಒಂದು ಫೈಲು ಬಂತು.

ಅದರಲ್ಲಿ ಮೊದಲು ಕಂಡದ್ದು ವಿವರಣೆಯ ಹಾಳೆ. ತೂಕ: ಗ್ರಾಂಗಳಲ್ಲಿ, ಬಟ್ಟೆಯಿಲ್ಲದೆ, ಹುಟ್ಟಿದ ಒಂದು ತಾಸಿನೊಳಗೆ, ತೂಗಿದವರ ಸಹಿ ವಾರ್ಡಿನ ಪುಸ್ತಕದಲ್ಲಿದೆ. ಕೊನೆಯ ಕಾಲಮ್ಮು: ಒಂದು ಎಂದರೆ ಬದುಕಿದೆ, ಎರಡು ಎಂದರೆ ಇಲ್ಲ. ಹಾಳೆ ಹೇಗಿರಬೇಕೋ ಹಾಗಿತ್ತು. ಅದರ ಕೆಳಗೆ, ಸಾವಿರದ ಆರುನೂರೈವತ್ತಕ್ಕೂ ಸಾವಿರದ ಎಂಟುನೂರಕ್ಕೂ ನಡುವೆ ತೂಗಿ, ಹೊಸ ನಿಯಮದಂತೆ ಹೊರಗೆ ಮಲಗಿದ್ದ ಹನ್ನೊಂದು ಕೂಸುಗಳು.

ಗುಬ್ಬಿ ಕೊನೆಯ ಕಾಲಮ್ಮಿನ ಮೇಲೆ ಬೆರಳಿಟ್ಟು ಇಳಿದಳು. ಒಂದು, ಒಂದು, ಎರಡು. ಕೆಳಗೆ ಮುಟ್ಟುವಷ್ಟರಲ್ಲಿ ನಾಲ್ಕು ಎರಡುಗಳು. ಒಂದರ ತೂಕ ಸಾವಿರದ ಆರುನೂರ ಅರವತ್ತು. ಇನ್ನು ಮೂರು ಚಮಚ ನೀರಿನಷ್ಟು ಕಡಿಮೆ ತೂಗಿದ್ದರೂ ಅದು ಬೆಚ್ಚಗೆ ಮಲಗಿರುತ್ತಿತ್ತು.

ಕಡೆಗೊಂದು ಟಿಪ್ಪಣಿ ಇತ್ತು. "ಒಳಗಿಟ್ಟಿದ್ದರೆ ಉಳಿಯುತ್ತಿದ್ದವೆಂದು ಖಚಿತವಾಗಿ ಹೇಳಲಾಗದು. ಆ ನಾಲ್ಕೂ ಕೂಸುಗಳು ಹುಟ್ಟಿದ ದಿನ ಬೆಚ್ಚನೆ ಕೋಣೆಯಲ್ಲಿ ತೊಟ್ಟಿಲು ಖಾಲಿ ಇತ್ತು."

ಬಯ್ಗುಳ ಇದೆಯೇ ಎಂದು ಮತ್ತೆ ಮೇಲಿನಿಂದ ಓದಿದಳು. ಇರಲಿಲ್ಲ. ಇದ್ದಿದ್ದರೆ ಒಂದಿಷ್ಟು ಅತ್ತು ಹಗುರಾಗುತ್ತಿದ್ದಳೇನೋ.

ಕೊಳವೆ ಗುರುಗುಟ್ಟುತ್ತಲೇ ಇತ್ತು. ತನ್ನ ಪಟ್ಟಿಯ ವಿವರಣೆಯ ಹಾಳೆಯನ್ನು ತೆರೆದು, ತೂಕದ ಎದುರಿದ್ದ ಒಂದೇ ಮಾತಿನ ಮುಂದೆ ಬರೆಯತೊಡಗಿದಳು: ಬಟ್ಟೆಯ ವಿಷಯ, ಬಾಯಲ್ಲೇ ಕಳೆಯುತ್ತಿದ್ದ ವಿಷಯ, ಮತ್ತೆ ಕಳೆದ ವಿಷಯ, ಕೇಳದೆ ಬಿಟ್ಟದ್ದು ಯಾರನ್ನು ಎಂಬ ವಿಷಯ. ಒಂದೂವರೆ ಪುಟವಾಯಿತು. ನಮೂದಿಸಿದವರು ಎಂಬಲ್ಲಿ ಗುಬ್ಬಿ ಎಂದು ಬರೆಯಲು ಹೋಗಿ ಅಳಿಸಿದಳು. ಅಪ್ಪ ಅಮ್ಮ ಇಟ್ಟ ಹೆಸರನ್ನು ಎರಡು ಬೆರಳಲ್ಲಿ ಒಂದೊಂದೇ ಅಕ್ಷರ ಕುಟುಕಿ ತುಂಬಿದಳು. ಆಮೇಲೆ ಕಪಾಟಿನಿಂದ ಮೊದಲ ವರ್ಷದ ಪುಸ್ತಕ ಇಳಿಸಿ, ಮೊದಲ ಕೂಸಿನ ಸಾಲಿಗೆ ಸ್ಕೇಲು ಇಟ್ಟಳು.