ತೋಳ ಹಿಡಿದ ಕುರಿ

ಭೀಮಕ್ಕ ಕುರಿಯ ಒಂದು ಕಿವಿ ಹಿಡಿದು ದರದರ ಎಳೆಯುತ್ತಿದ್ದಳು. ಇನ್ನೊಂದು ಕಿವಿ ಹಿಡಿಯೋಣವೆಂದರೆ ಅದಕ್ಕೆ ಇದ್ದದ್ದೇ ಅರ್ಧ. ಹಲ್ಲುದುರಿದ ಮುದಿ ಕುರಿ ನಾಲ್ಕು ಕಾಲನ್ನೂ ನೆಲಕ್ಕೂರಿ ನಿಂತು, ಜಪ್ಪಯ್ಯ ಎಂದರೂ ಕದಲಲಿಲ್ಲ.

“ಬಾರೇ, ನಿನ್ ಮನೆ ಹಾಳಾಗ! ನೀನು ಸತ್ತು ಎಂಟು ವರ್ಸ ಆಯ್ತು ಕಣೇ, ನೆಪ್ಪೈತಾ?”

ಕುರಿ ರೊಪ್ಪದ ಬೇಲಿಯಾಚೆ, ಮನೆಯ ಮುಂದಿನ ಚಪ್ಪರದ ಕೆಳಗೆ ಅವಳ ಗಂಡ ಕ್ಯಾತಣ್ಣನ ಹೆಣ ಮಲಗಿತ್ತು. ತಲೆದೆಸೆಯಲ್ಲಿ ದೀಪ ಉರಿಯುತ್ತಿತ್ತು. ಅಲ್ಲಿ ಕೂತು ಎದೆ ಬಡಿದುಕೊಂಡು ಅಳಬೇಕಾದ ಹೆಂಡತಿ ಇಲ್ಲಿ ಕುರಿ ಎಳೆಯುತ್ತಿರುವುದನ್ನು ಕಂಡು ಹಟ್ಟಿಯ ಹೆಂಗಸರು ಮುಖ ಮುಖ ನೋಡಿಕೊಂಡರು. ನಿನ್ನೆ ಸಂಜೆ ಉಸಿರು ನಿಂತಾಗಿನಿಂದ ಭೀಮಕ್ಕನ ಕಣ್ಣಲ್ಲಿ ಒಂದು ತೊಟ್ಟು ನೀರು ಬಂದಿರಲಿಲ್ಲ. ಅದೂ ಒಂದು ಮಾತಾಗಿತ್ತು.

ಮೈದುನ ದಾಸಣ್ಣ ಓಡಿ ಬಂದ. “ಅತ್ಗೆ, ಏನ್ ಮಾಡ್ತಿದ್ದೀಯ? ನೆಂಟ್ರೆಲ್ಲ ನೋಡ್ತಾವ್ರೆ.”

“ಮೇಷ್ಟ್ರು ತಾವರೆಕೆರೆ ಪೋಸ್ಟಾಪೀಸಿಂದ ಬೆಂಗ್ಳೂರಿಗೆ ಫೋನ್ ಮಾಡವ್ರಂತೆ ಕಣೋ. ಡಾಕ್ಟ್ರು ಹೊಂಟವ್ರಂತೆ. ಈ ಸನಿ ಅವ್ರ ಕಣ್ಣಿಗೆ ಬಿದ್ರೆ?”

ದಾಸಣ್ಣನಿಗೆ ಅರ್ಥವಾಯಿತು. ಈ ಕುರಿಯನ್ನು ತೋಳ ಹಿಡಿಯಿತೆಂದು ಕ್ಯಾತಣ್ಣ ಎಂಟು ವರ್ಷದ ಹಿಂದೆ ಡಾಕ್ಟರಿಗೆ ಹೇಳಿದ್ದ. ಅದು ಹಸಿ ಸುಳ್ಳೆಂದು ಗೊಲ್ಲರಹಟ್ಟಿಯ ಕೂಸು ಕುನ್ನಿಗೂ ಗೊತ್ತಿತ್ತು. ಗೊತ್ತಿಲ್ಲದವರು ಇಬ್ಬರೇ, ಸ್ಕೂಲ್ ಮೇಷ್ಟ್ರು ಮತ್ತು ಡಾಕ್ಟರು. ಓದಿದವರು ಅವರಿಬ್ಬರೇ ಆಗಿದ್ದದ್ದು ಬೇರೆ ಮಾತು.

“ಹನ್ನೊಂದನೇ ದಿನಕ್ಕೆ ಇದನ್ನೇ ಕುಯ್ದಾಕ್ಬುಡಾನ,” ಎಂದ ದಾಸಣ್ಣ. “ಸುಳ್ಳೂ ಮುಗೀತದೆ, ನೆಂಟ್ರಿಗೂ ಆಯ್ತದೆ.”

“ಬಾಯ್ಮುಚ್ಕಂಡು ಹಿಂದ್ಗಡೆಯಿಂದ ತಳ್ಳು. ಅಷ್ಟ್ ದೂರದಿಂದ ಸತ್ತೋನ ಮುಖ ನೋಡಕ್ಕೆ ಬತ್ತಾವ್ರೆ. ಅವ್ರ ಮುಂದೆ ನಿಮ್ಮಣ್ಣ ಸುಳ್ಳ ಅನ್ನಿಸ್ಕಬೇಕಾ? ಮಣ್ಣಿಗೆ ಹೋಗಗಂಟನಾದ್ರೂ ಮಾನ ಇರ್ಲಿ.”

ಇಬ್ಬರೂ ಸೇರಿ ಕುರಿಯನ್ನು ಹುಲ್ಲಿನ ಕೊಟ್ಟಿಗೆಗೆ ತಳ್ಳಿ ತಡಿಕೆ ಎಳೆದರು. ಭೀಮಕ್ಕ ಸೆರಗು ಕೊಡವಿಕೊಂಡು ಬಂದು ಹೆಣದ ಪಕ್ಕ ಕೂತಳು.

*

ಡಾಕ್ಟರ್ ಶಂಕರಲಿಂಗಪ್ಪ ಮಧುಗಿರಿಯ ಬಟ್ಟೆ ವ್ಯಾಪಾರಸ್ಥರ ಮಗ. ಬೆಂಗಳೂರಿನ ಒಂದು ದೊಡ್ಡ ಆಸ್ಪತ್ರೆಯಲ್ಲಿ ರಕ್ತನಾಳಗಳನ್ನು ಕೊಯ್ದು ಹೊಲಿಯುವ ಸರ್ಜನ್. ಕಿಡ್ನಿ ಕೆಟ್ಟವರ ರಕ್ತವನ್ನು ಹೊರಗೆ ತೆಗೆದು, ಮಿಷನ್ನಿನಲ್ಲಿ ತೊಳೆದು, ತಿರುಗಿ ಒಳಗೆ ಬಿಡುವ ಡಯಾಲಿಸಿಸ್ ಆಗಿನ್ನೂ ಹೊಸತು. ಅದಕ್ಕೆ ವಾರವಾರವೂ ದಪ್ಪ ಸೂಜಿ ಚುಚ್ಚಬೇಕು, ಚುಚ್ಚಿದ್ದನ್ನು ತಾಳುವ ನಾಳ ತೋಳಿನಲ್ಲಿರಬೇಕು. ಕೆಲವರ ತೋಳಿನಲ್ಲಿ ಅಂಥ ನಾಳವೇ ಇರುವುದಿಲ್ಲ. ಅಂಥವರಿಗೆ ಒಂದು ಕೊಳವೆಯನ್ನೇ ಒಳಗಿಟ್ಟು ಹೊಲಿದರೆ ಹೇಗೆ ಎಂಬುದು ಡಾಕ್ಟರ ಹುಚ್ಚು. ಹೊರದೇಶದ ಕೊಳವೆ ಬಡವರ ಕೈಗೆಟುಕುವ ಮಾತಲ್ಲ. ಅವರು ವೈ.ಎನ್.ಹೊಸಕೋಟೆಯ ರೇಷ್ಮೆ ಮಗ್ಗದವರೊಬ್ಬರ ಬೆನ್ನು ಬಿದ್ದು, ಟೆರಿಲಿನ್ ದಾರದಲ್ಲಿ ಹೊಲಿಗೆಯೇ ಇಲ್ಲದ, ಪೆನ್ಸಿಲ್ ಗಾತ್ರದ ಕೊಳವೆ ನೇಯಿಸಿದ್ದರು.

ಅದನ್ನು ಮೊದಲು ಕುರಿಯ ಕೊರಳಲ್ಲಿ ಇಟ್ಟು ನೋಡಬೇಕಿತ್ತು. ೧೯೭೬ರ ದೀಪಾವಳಿ ಕಳೆದ ಮೇಲೆ ತಮ್ಮ ಊರ ಕಡೆಯ ಕ್ಯಾತಣ್ಣನಿಂದ ಎಂಟು ಹೆಣ್ಣು ಕುರಿ ಕೊಂಡರು. ಕೊಯ್ದು ಹೊಲಿದದ್ದೇನೋ ಆಯಿತು, ಆಸ್ಪತ್ರೆಯ ಹಿಂದಿನ ತಗಡಿನ ಶೆಡ್ಡಿನಲ್ಲಿ ಕುರಿಗಳು ಮೇವು ಬಿಟ್ಟು ಕೂತವು. ನೋಡಲು ಹೋಗಿದ್ದ ಕ್ಯಾತಣ್ಣನಿಗೆ ತಡೆಯಲಾಗಲಿಲ್ಲ.

“ಇಲ್ಲಿದ್ರೆ ನಿಮ್ ಕೊಳ್ವೆ ಉಳೀತದೆ, ಕುರಿ ಉಳಿಯಾಕಿಲ್ಲ. ನಮ್ಮಟ್ಟಿಗೆ ಕಳ್ಸಿ, ನಾನ್ ನೋಡ್ಕತೀನಿ,” ಎಂದ. ಆಮೇಲೆ ನಕ್ಕು, “ಅಲ್ಲ ಸ್ವಾಮಿ, ಕುರಿ ತಿನ್ನದಿರೋ ನೀವು ಕುಯ್ತೀರ, ತಿನ್ನೋ ನಾವು ಸಾಕ್ತೀವಿ. ಇದ್ಯಾವ ಸೀಮೆ ನ್ಯಾಯ?” ಎಂದು ಸೇರಿಸಿದ.

ಲಿಂಗವಂತರ ಡಾಕ್ಟರು ಹೊಟ್ಟೆ ಹಿಡಿದುಕೊಂಡು ನಕ್ಕರು. ಹಟ್ಟಿಗೆ ಅವರೇ ಬಂದು, ರೊಪ್ಪದಲ್ಲಿ ಕುಕ್ಕರಗಾಲಲ್ಲಿ ಕೂತು, ಕ್ಯಾತಣ್ಣನ ಮೂರು ಬೆರಳು ಹಿಡಿದು ಕುರಿಯ ಕೊರಳ ಮೇಲೆ ಇಟ್ಟು ತೋರಿಸಿದರು. ಒಳಗೆ ಕೊಳವೆಯಲ್ಲಿ ರಕ್ತ ಓಡುವುದು ಬೆರಳಿಗೆ ಗೊತ್ತಾಗುತ್ತಿತ್ತು. ಮುಷ್ಟಿಯಲ್ಲಿ ದುಂಬಿ ಹಿಡಿದಂಗೈತೆ ಎಂದು ಕ್ಯಾತಣ್ಣ ಊರೆಲ್ಲ ಹೇಳಿಕೊಂಡು ಬಂದ.

ಅಂದಿನಿಂದ ಅವನ ಬೆಳಗಾಗುತ್ತಿದ್ದುದೇ ಕುರಿಗಳ ಕೊರಳಲ್ಲಿ. ಕಿವಿಗೆ ಹೊಡೆದ ಹಿತ್ತಾಳೆ ಬಿಲ್ಲೆಯ ನಂಬರು ಅವನಿಗೆ ಓದಲು ಬಾರದು, ಯಾವುದು ಎಷ್ಟನೇದೆಂದು ಮುಖ ನೋಡಿಯೇ ಗುರುತು. ತಿಂಗಳಿಗೊಂದು ಕಾರ್ಡನ್ನು ಚಿಕ್ಕಹನುಮಯ್ಯ ಮೇಷ್ಟ್ರು ಬರೆದು ಹಾಕುವರು: ಒಂದನೇದು ನಡೀತೈತೆ, ಎರಡನೇದು ನಿಂತೋಯ್ತು. ನಿಂತದ್ದನ್ನು ಡಾಕ್ಟರು ತರಿಸಿಕೊಂಡು ಕೊಯ್ದು ನೋಡುವರು. ಏಳು ತಿಂಗಳಿಗೆ ಐದು ನಿಂತವು, ಒಂಬತ್ತಕ್ಕೆ ಇನ್ನೆರಡು. ಏಳನೇ ನಂಬರಿನದು ಮಾತ್ರ ನಡೆಯುತ್ತಲೇ ಇತ್ತು.

ಹನ್ನೊಂದನೇ ತಿಂಗಳಿಗೆ ಡಾಕ್ಟರ ಕಾಗದ ಬಂತು. ಏಳನೇದನ್ನು ಬರುವ ಸೋಮವಾರ ಕರೆತರುವುದು, ಕೊಯ್ದು ಕೊಳವೆ ಒಳಗೆ ಹೇಗಿದೆಯೆಂದು ನೋಡಬೇಕು.

ಕ್ಯಾತಣ್ಣ ಆ ರಾತ್ರಿ ಉಣ್ಣಲಿಲ್ಲ. “ನಿಂತೋಗಿರೋದ ಕುಯ್ದು ನೋಡ್ಲಿ, ಯಾಕ್ ನಿಂತೋಯ್ತು ಅಂತ. ಅದು ಸರಿ. ಓಡ್ತಿರೋದ ಯಾಕ್ಲೇ ಕುಯ್ಬೇಕು?” ಎಂದು ಹೆಂಡತಿಯ ಮೇಲೆ ರೇಗಿದ, ಅವಳೇ ಕಾಗದ ಬರೆದವಳಂತೆ. “ಗೊಡ್ಡು ಕುರಿ ಕಡೀತಾರೆ, ಈಯೋ ಕುರಿ ಕಡೀತಾರಾ? ಅಷ್ಟ್ ಓದವ್ರೆ, ಇಷ್ಟ್ ತಿಳಿಯಕಿಲ್ವಾ?”

ಮಾರನೆಯ ದಿನ ಅವನು ಕುಡುಗೋಲು ಮಸೆದು, ಕುರಿಯ ಅರ್ಧ ಕಿವಿಯನ್ನು ಬಿಲ್ಲೆಯ ಸಮೇತ ಕೊಯ್ದ. ಗಾಯಕ್ಕೆ ಅರಿಸಿನ ಮೆತ್ತಿ, ಆ ತುಂಡಿನ ಅಂಚನ್ನು ತೋಳ ಕಚ್ಚಿದಂತೆ ಕಲ್ಲಿನಿಂದ ಜಜ್ಜಿ, ಮುತ್ತುಗದ ಎಲೆಯಲ್ಲಿ ಸುತ್ತಿಕೊಂಡು ಬೆಂಗಳೂರಿನ ಬಸ್ಸು ಹತ್ತಿದ. ತೋಳ ಹಿಡೀತು ಸ್ವಾಮಿ, ಉಳಿದದ್ದು ಇಷ್ಟೇ ಎಂದು ಡಾಕ್ಟರ ಮೇಜಿನ ಮೇಲಿಟ್ಟು ಬಂದ. ಬದುಕಿನಲ್ಲಿ ಇನ್ನಾವ ಸುಳ್ಳನ್ನೂ ಅವನು ಇಷ್ಟು ಚೆಂದ ಹೇಳಿರಲಿಕ್ಕಿಲ್ಲ.

ಭೀಮಕ್ಕ ಅಂದೇ ಒಂದು ತೀರ್ಮಾನ ಮಾಡಿಕೊಂಡಳು. ಸುಳ್ಳು ಗಂಡನದು, ಕೈ ತನ್ನದಾಗುವುದು ಬೇಡ. ಎಂಟು ವರ್ಷ ಆ ಕುರಿಗೆ ನೀರಿಟ್ಟಳು, ಮೇವು ಹಾಕಿದಳು, ಅದರ ಐದು ಸೂಲಿನ ಮರಿಗಳನ್ನು ಎತ್ತಿ ಆಡಿಸಿದಳು. ಕೊರಳು ಮಾತ್ರ ಒಂದು ದಿನವೂ ಮುಟ್ಟಲಿಲ್ಲ.

*

ಡಾಕ್ಟರ ಕಾರು ಬಂದಾಗ ಹೊತ್ತು ನೆತ್ತಿಯಿಂದ ವಾಲಿತ್ತು. ಅವರ ತಲೆ ಪೂರಾ ನರೆತಿತ್ತು. ಹೆಣದ ಕಾಲ ಬಳಿ ಹೂವಿನ ಹಾರ ಇಟ್ಟು ಕೈಮುಗಿದರು. ಮೇಷ್ಟ್ರು ಚಪ್ಪರದ ಅಂಚಿನಲ್ಲಿ ಕಂಬಳಿ ಹಾಸಿ ಕೂರಿಸಿದರು. ಗುಣಿ ತೋಡುವವರು ಕಲ್ಲು ಸಿಕ್ಕಿತೆಂದು ಹಾರೆಗೆ ಕಳಿಸಿದ್ದರು. ಕಾಯುವುದೊಂದೇ ಕೆಲಸ.

“ಏನಾಗಿತ್ತು?” ಎಂದು ಡಾಕ್ಟರು ಕೇಳಿದರು.

“ಮೂರು ದಿನದಿಂದ ಎದೆ ನೋವು ಅಂತಿದ್ನಂತೆ ಸಾರ್. ಆಸ್ಪತ್ರೆಗೆ ಬಾರೋ ಅಂದ್ರೆ ಬರಲಿಲ್ಲ. ನಿಮ್ಮತ್ರ ಕರ್ಕೊಂಡು ಹೋಗ್ತೀನಿ ಅಂದೆ. ಅದಕ್ಕಂತೂ ಮುಖ ಗೋಡೆ ಕಡೆ ತಿರುಗಿಸಿಬಿಟ್ಟ.”

ಡಾಕ್ಟರು ತಲೆಯಾಡಿಸಿದರು. “ವರ್ಷವರ್ಷ ಕಡಲೆಕಾಯಿ ಕಿತ್ತ ಮೇಲೆ ಒಂದು ಚೀಲ ಹೊತ್ತುಕೊಂಡು ಬರ್ತಿದ್ದ, ಮೇಷ್ಟ್ರೆ. ದುಡ್ಡು ಕೊಟ್ರೆ ಮುಟ್ಟೋನಲ್ಲ, ಕಾಫಿಗೂ ನಿಲ್ಲೋನಲ್ಲ. ಯಾಕಪ್ಪ ಅಂದ್ರೆ ಕಾಲು ನೋಡ್ಕೊಂಡು ನಿಂತಿರೋನು. ನನ್ನ ಮೇಲೆ ಅಷ್ಟು ಪ್ರೀತಿ ಅವನಿಗೆ.”

ಹೆಣದ ತಲೆದೆಸೆಯಲ್ಲಿ ಕೂತಿದ್ದ ಭೀಮಕ್ಕನಿಗೆ ಒಂದೊಂದು ಮಾತೂ ಕೇಳುತ್ತಿತ್ತು. ಆ ಚೀಲವನ್ನು ಪ್ರತಿ ವರ್ಷ ಹೊಲಿದು ಕೊಟ್ಟವಳು ಅವಳೇ. ಅದು ಪ್ರೀತಿಯೊಂದೇ ಅಲ್ಲವೆಂದು ಅವಳಿಗೆ ಗೊತ್ತಿತ್ತು.

“ಆ ಕೊಳವೆ ಕೆಲಸ ಏನಾಯ್ತು ಸಾರ್?” ಎಂದರು ಮೇಷ್ಟ್ರು.

“ಅವತ್ತೇ ಬಿಟ್ಟೆ. ಏಳು ಕುರಿ ಸೋತವು. ಗೆದ್ದದ್ದು ಒಂದು, ಅದನ್ನ ತೋಳ ತಿಂತು ಅಂತ ಬರೆದುಕೊಟ್ರೆ ಯಾರು ನಂಬ್ತಾರೆ? ಆಸ್ಪತ್ರೆ ಕಮಿಟಿಯವರು ನಕ್ಕರು. ಮಗ್ಗದವರಿಗೂ ಸಾಕು ಅಂದೆ. ಆ ಬಿಲ್ಲೆ ಇನ್ನೂ ನನ್ನ ಮೇಜಿನ ಮೇಲಿದೆ.” ಅವರ ದನಿಯಲ್ಲಿ ಕಹಿಯಿರಲಿಲ್ಲ. ಎಂದೋ ಬಸ್ಸು ತಪ್ಪಿದ್ದನ್ನು ಹೇಳುವವರಂತೆ ಹೇಳುತ್ತಿದ್ದರು. “ಅದು ಇನ್ನೊಂದೆರಡು ವರ್ಷ ನಡೆದಿದ್ರೂ ಸಾಕಾಗಿತ್ತು, ಕುಯ್ಯೋದೂ ಬೇಕಿರಲಿಲ್ಲ. ನನಗೇ ಅವಸರ ಆಗಿತ್ತು. ಹೋದ ತಿಂಗಳು ಪಾವಗಡದ ಕಡೆ ಹೆಂಗಸೊಬ್ಬಳು ಬಂದಿದ್ದಳು. ಎರಡು ಚಿಕ್ಕ ಮಕ್ಕಳು. ತೋಳೆಲ್ಲ ಚುಚ್ಚಿ ಚುಚ್ಚಿ ನಾಳ ಮುಗಿದುಹೋಗಿತ್ತು. ವಾಪಸ್ ಕಳಿಸಿದೆ.”

“ಏನಾದ್ರು?”

“ಏನಾಗ್ತಾರೆ ಮೇಷ್ಟ್ರೆ.”

ಭೀಮಕ್ಕ ಗಂಡನ ಮುಖ ನೋಡಿದಳು. ಒಂದು ಕುರಿ ಉಳಿಯಿತು, ಅಷ್ಟೇ ತಾನೇ, ಯಾರಿಗೇನು ನಷ್ಟ ಎಂದು ಎಂಟು ವರ್ಷ ಅಂದುಕೊಂಡಿದ್ದಳು. ಪಾಪ, ಅವನೂ ಅಷ್ಟೇ ಅಂದುಕೊಂಡಿದ್ದ. ಅಯ್ಯೋ ನನ್ನಪ್ಪಾ, ಎಂಥಾ ಕೆಲಸ ಮಾಡಿಟ್ಟು ಮಲಗಿದ್ದೀಯ ಎಂದು ಅವಳಿಗೆ ಕೂಗಬೇಕೆನಿಸಿತು. ಹತ್ತಿರ ಕೂತಿದ್ದ ನೆರೆಮನೆಯ ಕೆಂಪಕ್ಕ ಅವಳ ಬೆನ್ನು ಸವರಿ, “ಅತ್ಬುಡು ಕಣಮ್ಮ, ಒಳಗೆ ಇಟ್ಕಬ್ಯಾಡ,” ಎಂದಳು. ಅಳು ಬರಲಿಲ್ಲ.

*

ಇಳಿಹೊತ್ತಿಗೆ ಮಣ್ಣು ಮಾಡಿ ಬಂದರು. ಡಾಕ್ಟರೂ ಮೂರು ಹಿಡಿ ಮಣ್ಣು ಹಾಕಿದರು. ಬೋರ್‌ವೆಲ್ಲಿನ ಬಳಿ ಕೈಕಾಲು ತೊಳೆದುಕೊಂಡು ಎಲ್ಲರಿಗೂ ಕೈಮುಗಿದು ಕಾರಿನತ್ತ ನಡೆದರು. ಡ್ರೈವರ್ ಎಂಜಿನ್ ಚಾಲೂ ಮಾಡಿದ.

ಮನೆಯೊಳಗೆ ದೀಪದ ಮುಂದೆ ಕೂತಿದ್ದ ಭೀಮಕ್ಕನಿಗೆ ಆ ಸದ್ದು ಕೇಳಿಸಿತು. ಮಣ್ಣಿಗೆ ಹೋಗುವ ತನಕ ಮಾನ ಇರಲಿ ಎಂದಿದ್ದಳು. ಈಗ ಮಣ್ಣಾಗಿತ್ತು. ಅವಳು ಎದ್ದಳು.

“ಎಲ್ಲಿಗ್ ಹೊಂಟೆ? ಇವತ್ತು ನೀನು ಹೊಸ್ಲು ದಾಟಂಗಿಲ್ಲ ಕಣೇ!” ಎಂದು ಕೆಂಪಕ್ಕ ಸೆರಗು ಹಿಡಿದಳು. ಸೆರಗು ಬಿಡಿಸಿಕೊಂಡು ಕೊಟ್ಟಿಗೆಗೆ ಹೋಗಿ ತಡಿಕೆ ಸರಿಸಿದಳು.

ಕುರಿ ಹುಲ್ಲಿನ ಮೇಲೆ ಮಲಗಿತ್ತು. ಆಗ ಅವಳಿಗೆ ಹೊಳೆಯಿತು, ಗಂಡ ಹಾಸಿಗೆ ಹಿಡಿದಾಗಿನಿಂದ ಇದರ ಕೊರಳು ಯಾರೂ ಮುಟ್ಟಿ ನೋಡಿಲ್ಲ. ಮುದಿಯಾಗಿದೆ. ನಿಂತುಹೋಗಿದ್ದರೆ? ಆಮೇಲೆ ಉಳಿಯುವುದು ಬರಿಯ ಸುಳ್ಳು. ಅವಳ ಕೈ ಕೊರಳ ತನಕ ಹೋಯಿತು, ಹಿಂದಕ್ಕೆ ಬಂತು. ಇದ್ದೊಂದು ಕಿವಿ ಹಿಡಿದು ಎಬ್ಬಿಸಿದಳು. ಈ ಸಲ ಕುರಿ ಹಟ ಮಾಡದೆ ಹಿಂದೆ ಬಂತು.

“ಅತ್ಗೆ, ಬ್ಯಾಡ,” ಎಂದು ದಾಸಣ್ಣ ಅಡ್ಡ ಬಂದ. ಅವನ ಮುಖ ನೋಡಿದಳು, ಅವನು ದಾರಿ ಬಿಟ್ಟ.

ಕಾರಿನ ಬಾಗಿಲು ಹಿಡಿದು ನಿಂತಿದ್ದ ಡಾಕ್ಟರು ಗಾಬರಿಯಾದರು. “ಅಯ್ಯೋ ಭೀಮಕ್ಕ, ಇದೆಲ್ಲ ಬೇಡಮ್ಮ. ಕುರಿ ತಗೊಂಡು ನಾನೇನು ಮಾಡಲಿ?”

“ಕೊಡಾಕೆ ತಂದಿಲ್ಲ ಸ್ವಾಮಿ. ಅದ್ರ ಕಿವಿ ನೋಡಿ.”

ಡಾಕ್ಟರು ಬಗ್ಗಿ ನೋಡಿದರು. ಕಿವಿ ಗೆರೆ ಎಳೆದಂತೆ ನೇರವಾಗಿ ತುಂಡಾಗಿತ್ತು. ನಲವತ್ತು ವರ್ಷ ಕತ್ತಿ ಹಿಡಿದವರಿಗೆ ಹಲ್ಲಿನ ಗಾಯ ಯಾವುದು, ಅಲಗಿನ ಗಾಯ ಯಾವುದು ಎಂದು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಅವರ ಕೈ ತಾನಾಗಿ ಕೊರಳಿಗೆ ಹೋಗಿ ಉಣ್ಣೆ ಸರಿಸಿತು. ಹಳೆಯ ಹೊಲಿಗೆಯ ಗುರುತು ಅಲ್ಲಿಯೇ ಇತ್ತು. ಮೂರು ಬೆರಳು ಇಟ್ಟರು. ಇನ್ನೊಂದು ಕೈ ಕಾರಿನ ಮೇಲಿತ್ತು, ಕಾರು ಗಡಗಡ ನಡುಗುತ್ತಿತ್ತು. ಯಾವ ನಡುಕ ಯಾವುದರದೆಂದು ತಿಳಿಯದೆ ಅವರು ಡ್ರೈವರಿನತ್ತ ಜೋರಾಗಿ ಕೈ ಬೀಸಿದರು.

“ಆರಿಸು! ಎಂಜಿನ್ ಆರಿಸು!”

ಎಂಜಿನ್ ನಿಂತಿತು. ಡಾಕ್ಟರು ಧೂಳಿನಲ್ಲೇ ಮಂಡಿಯೂರಿ, ಕಣ್ಣು ಮುಚ್ಚಿ ಕೂತರು. ಅವರ ಮುಖದಿಂದ ಏನೂ ತಿಳಿಯುವಂತಿರಲಿಲ್ಲ.

“ತೋಳ ಹಿಡೀಲಿಲ್ಲ ಸ್ವಾಮಿ,” ಎಂದಳು ಭೀಮಕ್ಕ. “ನಮ್ ಯಜಮಾನ್ರೇ ಹಿಡ್ಕಂಡ್ರು. ಓಡ್ತಿರೋದ ಕುಯ್ಯಕ್ಕೆ ಅವ್ರಿಗೆ ಮನಸ್ ಬರ್ಲಿಲ್ಲ. ಅದ್ಕೇ ಕಡ್ಲೆಕಾಯಿ ಹೊರ್ತಿದ್ದು. ಈಗ ಕುಯ್ಯದಾದ್ರೆ ಕುಯ್ಕಳಿ, ಹನ್ನೊಂದು ಕಳೀಲಿ ಅಷ್ಟೆ.” ಡಾಕ್ಟರು ಬೆರಳು ಸರಿಸಿ ಮತ್ತೆ ಒತ್ತಿ ನೋಡಿದರು. “ನಿಂತೋಗೈತಾ ಸ್ವಾಮಿ?”

ಡಾಕ್ಟರು ಕಣ್ಣು ತೆರೆದರು. ಪಕ್ಕಕ್ಕೆ ಸರಿದು ಜಾಗ ಮಾಡಿ, ಅವಳ ಮೂರು ಬೆರಳು ಹಿಡಿದು, ಹಿಂದೆ ಕ್ಯಾತಣ್ಣನ ಬೆರಳು ಇಟ್ಟಿದ್ದ ಜಾಗದಲ್ಲೇ ಇಟ್ಟು, ಮೆಲ್ಲಗೆ ಒತ್ತಿದರು. “ಇಲ್ಲಿ,” ಎಂದರು. “ದಿನಾ ಬೆಳಿಗ್ಗೆ, ಇಷ್ಟೇ ಹಗುರವಾಗಿ. ಮೇಷ್ಟ್ರು ಕಾರ್ಡ್ ಬರೀತಾರೆ.”

ಕುರಿ ಮೆಲುಕು ಹಾಕುತ್ತಿತ್ತು. ಭೀಮಕ್ಕ ಉಸಿರು ಬಿಗಿಹಿಡಿದು ಕೂತಳು.

“ನಡೀತೈತೆ,” ಎಂದಳು. ನಿನ್ನೆಯಿಂದ ಬಾರದ ಅಳು ಆಗ ಬಂತು. ಮೈಯೆಲ್ಲ ಅಲುಗುವಂತೆ ಅತ್ತಳು, ಕೊರಳ ಮೇಲಿನ ಮೂರು ಬೆರಳನ್ನು ಮಾತ್ರ ಅಲುಗಿಸಲಿಲ್ಲ.